‘ನಾಳೆ ಬಾ’ ಎನ್ನುವವರ ಎದುರು ತಾರೀಖು ಬರೆದಿಡಿ

ಬೆಂಗಳೂರಿನ ಸುತ್ತಮುತ್ತ ಒಂದು ಕಾಲಕ್ಕೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ, ಮತ್ತೆ ವಾಪಸ್. ಅಡ್ವಾನ್ಸ್ ಹಿಂದಿರುಗಿಸಬೇಕಾದ ಮನೆ ಮಾಲೀಕ, ಕೊನೆಯ ತಿಂಗಳ ಸಂಬಳ ತಡೆಹಿಡಿದ ಕಂಪನಿ, ಕೆಟ್ಟ ಫ್ರಿಜ್ ಮಾರಿದ ಅಂಗಡಿ, ಎಲ್ಲರ ಬಾಗಿಲಲ್ಲೂ ಈಗ ಇದೇ ಬರಹ. ‘ಹೊಸ ಬಾಡಿಗೆದಾರರು ಬಂದ ಕೂಡಲೇ ಕೊಡ್ತೀನಿ’, ‘ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ’, ‘ಕಂಪನಿಯಿಂದ ಪಾರ್ಟ್ ಬರಬೇಕು’. ದೆವ್ವಕ್ಕೆ ಆಯುಸ್ಸಿನ ಲೆಕ್ಕವಿಲ್ಲ. ನಿಮ್ಮ ಹಕ್ಕಿಗೆ ಇದೆ.

ಆ ಲೆಕ್ಕ ಹೀಗಿದೆ. ಬರಬೇಕಾದ ಹಣಕ್ಕೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ. ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ. ಬಾಡಿಗೆ ಮನೆಯಿಂದ ಬಲವಂತವಾಗಿ ಹೊರದಬ್ಬಿದರೆ ಸ್ವಾಧೀನ ಮರಳಿ ಕೇಳಲು 6 ತಿಂಗಳು. ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರಿಗೆ 3 ತಿಂಗಳು. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು. ಗ್ರಾಹಕ ಆಯೋಗ ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸಬಲ್ಲದು. ಸಿವಿಲ್ ದಾವೆಗೆ ಆ ರಿಯಾಯಿತಿ ಇಲ್ಲ. ಮೂರು ವರ್ಷ ದಾಟಿತೆಂದರೆ ನ್ಯಾಯ ನಿಮ್ಮ ಕಡೆಯೇ ಇದ್ದರೂ ದಾವೆ ವಜಾ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಎದುರಿನವರು ‘ಕೊಡ್ತೀನಿ’ ಎಂದಷ್ಟು ದಿನವೂ ಗಡಿಯಾರ ನಿಂತಿದೆ ಎಂದುಕೊಳ್ಳುತ್ತಾರೆ. ಬಾಯಿಮಾತಿಗೆ ಅದು ನಿಲ್ಲುವುದಿಲ್ಲ. 1963ರ ಕಾಲಪರಿಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ, ಅವಧಿ ಮುಗಿಯುವ ಮೊದಲೇ ಬಾಕಿ ಇದೆ ಎಂದು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಮಾತ್ರ ಆ ದಿನದಿಂದ ಹೊಸ ಎಣಿಕೆ ಶುರುವಾಗುತ್ತದೆ. ಆದ್ದರಿಂದ ‘ಕೊಡ್ತೀನಿ’ ಎಂದವರ ಜೊತೆ ಜಗಳ ಬೇಡ. ‘ಸರಿ ಸಾರ್, ಇಷ್ಟು ಮೊತ್ತ, ಈ ತಾರೀಖಿಗೆ ಎಂದು ಎರಡು ಸಾಲು ಬರೆದು ಸಹಿ ಮಾಡಿಕೊಡಿ’ ಎಂದಷ್ಟೇ ಕೇಳಿ. ಬರೆದುಕೊಟ್ಟರೆ ನಿಮಗೆ ಆಧಾರ ಸಿಕ್ಕಿತು. ಬರೆಯಲು ಹಿಂಜರಿದರೆ ಆ ನಾಳೆ ಬರುವುದಿಲ್ಲ ಎಂದು ಇವತ್ತೇ ಗೊತ್ತಾಯಿತು.

ಮುಖಾಮುಖಿ ಆಡಿದ ಮಾತನ್ನು ಅದೇ ದಿನ ಇಮೇಲಿನಲ್ಲಿ ಕಳಿಸುವುದು ಎರಡನೇ ಉಪಾಯ: ‘ಇಂದು ಬೆಳಿಗ್ಗೆ ಮಾತಾಡಿದಂತೆ ಬಾಕಿ 1,50,000 ರೂಪಾಯಿಯನ್ನು ಇದೇ ತಿಂಗಳ 30ರೊಳಗೆ ಕೊಡುವುದಾಗಿ ಹೇಳಿದ್ದೀರಿ.’ ಅವರು ಉತ್ತರಿಸದಿದ್ದರೂ ಅದು ದಾಖಲೆಯೇ. ವಾಟ್ಸಾಪ್ ಕೂಡ ಸಾಕ್ಷ್ಯವಾಗುತ್ತದೆ, ಆದರೆ ಜನ ತರುವ ಸ್ಕ್ರೀನ್‌ಶಾಟ್‌ಗಳಲ್ಲಿ ಹೆಸರು ಮಾತ್ರ ಇರುತ್ತದೆ. ನಂಬರ್ ಇರುವುದಿಲ್ಲ, ದಿನಾಂಕ ಕತ್ತರಿಸಿ ಹೋಗಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇಂತಹ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಒಂದು ಭಾಗ ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಹಾಗಾಗಿ ವ್ಯಾಜ್ಯ ಮುಗಿಯುವವರೆಗೆ ಆ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ ಇವತ್ತೇ ತೆಗೆಯಿರಿ. ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ.

ನೋಟಿಸ್ ಕಳಿಸುವಾಗ ಅಂಚೆಯನ್ನೇ ನೆಚ್ಚಿ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ನೋಂದಾಯಿತ ಅಂಚೆಯಲ್ಲಿ ಹಾಕಿದ ಪತ್ರ ತಲುಪಿದೆ ಎಂದೇ ಕಾನೂನು ಊಹಿಸುತ್ತದೆ. ತಲುಪಿಲ್ಲ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ಕೌಂಟರಿನಲ್ಲಿ ‘ಸ್ಪೀಡ್ ಪೋಸ್ಟ್, ನೋಂದಣಿಯೊಂದಿಗೆ’ ಎಂದು ಬಿಡಿಸಿ ಹೇಳಿ, ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ. ‘ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯದೆ ಹಾಗೆಯೇ ಇಡಿ. ಮುಚ್ಚಿದ ಆ ಲಕೋಟೆಯೇ ಕೋರ್ಟಿನಲ್ಲಿ ನಿಮ್ಮ ಸಾಕ್ಷಿ.

ಈಗ ಮನೆಯ ವಿಷಯಕ್ಕೆ ಬರೋಣ. ಬಾಡಿಗೆ ಕರಾರು ಯಾಕೆ ಯಾವಾಗಲೂ 11 ತಿಂಗಳದ್ದು? ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಹೇಳುತ್ತದೆ. ಆ ಖರ್ಚು ತಪ್ಪಿಸಲು ಹನ್ನೊಂದು. ಅದರಲ್ಲಿ ತಪ್ಪಿಲ್ಲ. ತಪ್ಪು ನಡೆಯುವುದು ಛಾಪಾ ಕಾಗದದಲ್ಲಿ. ಅಂಗಡಿಯವರು ಕೊಟ್ಟ ಯಾವುದೋ ಮೊತ್ತದ ಇ-ಸ್ಟ್ಯಾಂಪ್ ಮೇಲೆ ಕರಾರು ಅಚ್ಚಾಗಿರುತ್ತದೆ. ಮುದ್ರಾಂಕ ಶುಲ್ಕ ಕಡಿಮೆ ಬಿದ್ದರೆ, ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟದೆ ಕೋರ್ಟ್ ಅದನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಆರಂಭದಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ, ಬೇಕಾದ ದಿನ ಕರಾರಿನ ಬಾಯಿ ಕಟ್ಟಿಬಿಡುತ್ತದೆ.

ಇನ್ನೊಂದು ನಂಬಿಕೆ: ‘ಬಾಡಿಗೆ ಕಾಯ್ದೆ ಬಾಡಿಗೆದಾರರ ಪರ ಇದೆ.’ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಹುಟ್ಟಿದ್ದು ಆ ಉದ್ದೇಶಕ್ಕೇ, ಆದರೆ ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇವತ್ತು ಎಷ್ಟು ಮನೆಗಳು ಆ ಮಿತಿಯೊಳಗಿವೆ ನೀವೇ ಯೋಚಿಸಿ. ಉಳಿದ ಎಲ್ಲರಿಗೂ ನಿಮ್ಮ ಕರಾರು ಮತ್ತು ಸ್ವತ್ತು ವರ್ಗಾವಣೆ ಕಾಯ್ದೆ, ಇವೆರಡೇ ಗತಿ. ಎರಡು ತಿಂಗಳ ಅಡ್ವಾನ್ಸ್ ಮಿತಿ ಹೇಳುವ 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿ ವಾದಿಸುವವರೂ ಇದ್ದಾರೆ. ಅದು ಕೇಂದ್ರ ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನದೇ ಶಾಸನ ಮಾಡದ ಹೊರತು ಅದರ ಬಲದಲ್ಲಿ ಹಕ್ಕು ಕೇಳಲಾಗದು. ಹಾಗಾಗಿ ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ವಾಡಿಕೆಯ ವಿರುದ್ಧ ಚೌಕಾಸಿಯೇ ದಾರಿ. ಚೌಕಾಸಿಯ ಸಮಯ ಸಹಿ ಹಾಕುವ ಮುಂಚೆ, ಮನೆ ಬಿಡುವಾಗ ಅಲ್ಲ.

ಕರಾರಿನಲ್ಲಿ ನಾಲ್ಕು ಸಾಲು ಇರಲೇಬೇಕು ಎಂಬುದು ನನ್ನ ಹಟ. ಕೀ ಕೊಡುವ ದಿನವೇ ಅಡ್ವಾನ್ಸ್ ವಾಪಸ್. ತಡವಾದರೆ ಇಂತಿಷ್ಟು ಬಡ್ಡಿ, ಮತ್ತು ಹಣ ಕೈಸೇರುವವರೆಗೆ ಬಾಡಿಗೆಯಿಲ್ಲದೆ ಕೀ ಇಟ್ಟುಕೊಳ್ಳುವ ಅಧಿಕಾರ. ಕಡಿತ ಯಾವುದಕ್ಕೆ, ಗರಿಷ್ಠ ಎಷ್ಟು, ಬಿಲ್ ತೋರಿಸಬೇಕೇ. ಯಾವ ರಿಪೇರಿ ಯಾರದ್ದು. ಈ ಕೊನೆಯದು ಸಣ್ಣ ವಿಷಯವಲ್ಲ: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದರೆ ‘ಮಾಡಲೇಬೇಕಾದ’ ಎಂಬುದು ಎಲ್ಲಿಂದ ಬರಬೇಕು? ಕರಾರಿನಿಂದಲೇ. ಸೋರುವ ಸೂರು, ಕೆಟ್ಟ ಮೋಟಾರ್, ಕಟ್ಟಿಕೊಂಡ ಪೈಪು ಮಾಲೀಕರದು ಎಂದು ಬರೆದಿಲ್ಲದಿದ್ದರೆ ಆ ಕಲಂ ಹಿಡಿದು ಹೋಗುವುದು ಕಷ್ಟ.

ಬಣ್ಣದ ಕಡಿತದ ಬಗ್ಗೆ ಪ್ರತಿ ಮನೆ ಬದಲಿಸುವಾಗಲೂ ಗಲಾಟೆ. ಕಾನೂನಿನ ದೃಷ್ಟಿಯಲ್ಲಿ, ಸಹಜ ಬಳಕೆಯಿಂದ ಆದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಎರಡು ವರ್ಷದಲ್ಲಿ ಮಾಸಿದ ಗೋಡೆ ಸವೆತ. ಒಡೆದ ಕಮೋಡು ಹಾನಿ. ಆದರೆ ‘ಖಾಲಿ ಮಾಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಕಡಿತ’ ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೆ ಆ ಮಾತು ನಿಮ್ಮನ್ನು ಕಟ್ಟುತ್ತದೆ. ಮನೆಗೆ ಸೇರುವ ದಿನ, ಸಾಮಾನು ಇಳಿಸುವ ಮೊದಲು, ಪ್ರತಿ ಕೋಣೆಯ ವೀಡಿಯೊ ತೆಗೆದು ಅದೇ ದಿನ ಮಾಲೀಕರಿಗೆ ಕಳಿಸಿ. ಬಿಡುವ ದಿನವೂ ಹಾಗೆಯೇ. ಕರೆಂಟ್ ಮತ್ತು ನೀರಿನ ಮೀಟರ್ ರೀಡಿಂಗ್ ಕೂಡ ಅದರಲ್ಲಿರಲಿ. ಕೀ ಕೊಡುವಾಗ ‘ಇಂಥ ದಿನ ಇಷ್ಟು ಕೀಗಳನ್ನು ಪಡೆದಿದ್ದೇನೆ’ ಎಂದು ಒಂದು ಸಾಲು ಬರೆಸಿಕೊಳ್ಳಿ. ಅದಿಲ್ಲದೆ ‘ಅವರು ಮನೆಯನ್ನೇ ಒಪ್ಪಿಸಿಲ್ಲ, ಬಾಡಿಗೆ ಓಡುತ್ತಲೇ ಇತ್ತು’ ಎಂಬ ತಕರಾರು ಬಂದದ್ದುಂಟು.

ಖಾಲಿ ಮಾಡಿಸುವ ನೋಟಿಸಿನ ಅವಧಿ ಕರಾರಿನಲ್ಲಿ ಬರೆದಷ್ಟು. ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನ. ನೋಟಿಸ್ ಮುಗಿದರೂ ಹೊರಹಾಕುವ ಅಧಿಕಾರ ಕೋರ್ಟಿಗೆ ಮಾತ್ರ. ಬೀಗ ಬದಲಿಸುವುದು, ಸಾಮಾನು ಬೀದಿಗೆ ಹಾಕುವುದು ಮಾಲೀಕರ ಅಧಿಕಾರವಲ್ಲ. ಹಾಗೆ ಮಾಡಿದರೆ 112ಕ್ಕೆ ಕರೆ ಮಾಡಿ, ಬೀಗದ ಮತ್ತು ಸಾಮಾನಿನ ಫೋಟೊ ತೆಗೆದು, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ‘ಇದು ಸಿವಿಲ್ ಮ್ಯಾಟರ್’ ಎಂದು ಅಲ್ಲಿ ಕೈಚೆಲ್ಲಿದರೂ ಆ ಸ್ವೀಕೃತಿಯ ತಾರೀಖು ಮುಂದೆ ಬಲವಾದ ಪುರಾವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹಾಕಿದರೆ ಕೋರ್ಟ್ ಮನೆ ಯಾರದು ಎಂದು ಕೇಳುವುದಿಲ್ಲ. ಯಾರು ವಾಸವಿದ್ದರು, ಅವರನ್ನು ಕಾನೂನುಬಾಹಿರವಾಗಿ ಹೊರಹಾಕಿದರೇ, ಅಷ್ಟನ್ನೇ ನೋಡುತ್ತದೆ.

ಭೋಗ್ಯದ ಮನೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಬೀಳುವ ಪೆಟ್ಟು ದೊಡ್ಡದು. ಬಾಡಿಗೆ ಇಲ್ಲ, ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ವಾಸ, ಕೊನೆಗೆ ಅಷ್ಟೂ ಹಣ ವಾಪಸ್: ಇದು ನಮ್ಮ ‘ಲೀಸ್’. ಒಡವೆ ಮಾರಿ, ಸೊಸೈಟಿ ಸಾಲ ತೆಗೆದು ಕೊಟ್ಟ ಹಣ ಅದು. ಮೂರು ವರ್ಷದ್ದಾದ್ದರಿಂದ ನೋಂದಣಿ ಕಡ್ಡಾಯ, ಆದರೆ ಬಹಳಷ್ಟು ಜನ ಸಾದಾ ಛಾಪಾ ಕಾಗದದಲ್ಲೇ ಮುಗಿಸುತ್ತಾರೆ. ಮಾಲೀಕರು ಆ ಮನೆಯ ಮೇಲೆ ಸಾಲ ತೆಗೆದಿದ್ದು ಕಂತು ನಿಲ್ಲಿಸಿದರೆ, ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆ ಅಡಿ ಸ್ವಾಧೀನಕ್ಕೆ ಬರುತ್ತದೆ. ನೋಂದಣಿಯಾಗದ ಕರಾರು ಆಗ ಬ್ಯಾಂಕಿನ ಎದುರು ನಿಲ್ಲುವುದು ಬಹಳ ಕಷ್ಟ. ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ. ನಮೂನೆ 15 ಬಂದರೆ ಆ ಸ್ವತ್ತಿನ ಮೇಲೆ ವಹಿವಾಟುಗಳಿವೆ ಎಂದರ್ಥ. ಪ್ರತಿ ಸಾಲು ಓದಿ. ನಮೂನೆ 16 ಎಂದರೆ ಆ ಅವಧಿಯಲ್ಲಿ ನೋಂದಾಯಿತ ವಹಿವಾಟಿಲ್ಲ. ಇಷ್ಟಕ್ಕೇ ನಿಶ್ಚಿಂತೆ ಬೇಡ. ಹಕ್ಕುಪತ್ರವನ್ನು ಬ್ಯಾಂಕಿನಲ್ಲಿ ಇಟ್ಟು ತೆಗೆದ ಸಾಲ ಇ.ಸಿ.ಯಲ್ಲಿ ಕಾಣದೆಯೂ ಇರಬಹುದು. ಬ್ಯಾಂಕುಗಳು ಇಂತಹ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕಕ್ಕೆ ಹುಡುಕಿ, ಜೊತೆಗೆ ಮೂಲ ಕ್ರಯಪತ್ರವನ್ನು ಕಣ್ಣಾರೆ ತೋರಿಸಲು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿ ‘ಮೂಲ ಊರಲ್ಲಿದೆ’ ಎಂದರೆ ಆ ಮನೆ ಬಿಟ್ಟುಬಿಡಿ. ಹಣವನ್ನು ಮಾಲೀಕರ ಖಾತೆಗೇ ಹಾಕಿ. ಮಧ್ಯವರ್ತಿಯ ಅಥವಾ ನಿರ್ವಹಣೆ ಮಾಡುವ ಸಂಸ್ಥೆಯ ಖಾತೆಗೆ ಹಾಕಿ ಮಾಲೀಕರಿಂದ ‘ನನಗೆ ಬಂದೇ ಇಲ್ಲ’ ಎಂಬ ಮಾತು ಕೇಳಬೇಡಿ.

ವಿದ್ಯುತ್ತಿನದು ಚಿಕ್ಕ ಮಾತು. ಬಿಲ್ ಬಾಕಿಗೆ ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ ಸಂಪರ್ಕ ಕಡಿಯಲು 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಬೇಕು. ಬಿಲ್ ವಿಪರೀತ ಬಂದಿದ್ದರೆ, ಆಕ್ಷೇಪಣೆಯೊಂದಿಗೆ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕ, ಎರಡರಲ್ಲಿ ಕಡಿಮೆ ಇರುವುದನ್ನು ಕಟ್ಟಿದರೆ ತಕರಾರು ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಪತ್ರದಲ್ಲಿ ಬರೆಯುವುದನ್ನು ಮರೆತರೆ ಬಿಲ್ ಒಪ್ಪಿದಂತಾಗುತ್ತದೆ.

ಕೆಲಸದ ಕಡೆ ಹೊಸ ಸಂಗತಿ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡುವುದು ಉದ್ಯೋಗದಾತರ ಕರ್ತವ್ಯ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ. ಈ ಕೊನೆಯದನ್ನು ಕೇಳಿದರೆ ಮಾನವ ಸಂಪನ್ಮೂಲ ವಿಭಾಗದವರು ಇನ್ನೂ ‘ನಮ್ಮ ಪಾಲಿಸಿ 45 ದಿನ’ ಎನ್ನುವುದುಂಟು. ಕಂಪನಿಯ ಪಾಲಿಸಿ ಕಾಯ್ದೆಗಿಂತ ಮೇಲಲ್ಲ. ‘2019ರ ವೇತನ ಸಂಹಿತೆಯ 17ನೇ ಕಲಂ’ ಎಂದು ನಮೂದಿಸಿ ಬರೆದ ಒಂದು ಇಮೇಲಿಗೆ ಇರುವ ತೂಕ ಹತ್ತು ಫೋನ್ ಕರೆಗಳಿಗಿಲ್ಲ. ಕೊಡದಿದ್ದರೆ ಸಂಹಿತೆಯಡಿಯ ಅಧಿಕಾರಿಯ ಮುಂದೆ 3 ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ, ಬೇರೆ ಊರುಗಳಲ್ಲಿ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಕೆಲಸ ಬಿಡುವಾಗ ಸೇವಾ ವರ್ಷಗಳಿಗೆ ತಕ್ಕಂತೆ ಸಿಗುವ ಗ್ರಾಚ್ಯುಟಿಯ ಲೆಕ್ಕವನ್ನು ಬಿಡಿಸಿ ನೋಡೋಣ, ಇಲ್ಲಿ ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಸೂತ್ರ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವಾ ವರ್ಷಗಳಿಂದ ಗುಣಿಸಿ. ಆರು ತಿಂಗಳು ಮೀರಿದ ಭಾಗ ಪೂರ್ತಿ ವರ್ಷ. ಒಬ್ಬರು 7 ವರ್ಷ 8 ತಿಂಗಳು ದುಡಿದಿದ್ದಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,000, ಮನೆಬಾಡಿಗೆ ಮತ್ತು ಪ್ರಯಾಣ ಭತ್ಯೆ 32,000, ಒಟ್ಟು 52,000 ಎಂದಿಟ್ಟುಕೊಳ್ಳಿ. ಹಳೇ ರೂಢಿಯಂತೆ 20,000ದ ಮೇಲೆ ಲೆಕ್ಕ ಹಾಕಿದರೆ 92,308 ರೂಪಾಯಿ. ಆದರೆ ಸಂಹಿತೆಯ ಪ್ರಕಾರ ಇಂತಹ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಇಲ್ಲಿ ಅರ್ಧ 26,000, ಮೀರಿದ್ದು 6,000, ವೇತನ 26,000 ಆಯಿತು, ಗ್ರಾಚ್ಯುಟಿ 1,20,000. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ನಿಗದಿತ ಅವಧಿಯ ಕರಾರಿನ ಮೇಲೆ ನೇಮಕವಾದವರಿಗೆ ಈಗ ಒಂದು ವರ್ಷ ಸಾಕು. ಹಣ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು, ಮೀರಿದರೆ ಬಡ್ಡಿ.

ಬಲವಂತದ ರಾಜೀನಾಮೆ ನನಗೆ ಅತಿ ಸಂಕಟ ತರುವ ವಿಷಯ. ಮೀಟಿಂಗ್ ಕೋಣೆಗೆ ಕರೆದು, ಫೋನ್ ಹೊರಗಿಡಿಸಿ, ‘ಈಗಲೇ ರಾಜೀನಾಮೆ ಟೈಪ್ ಮಾಡಿ, ಇಲ್ಲದಿದ್ದರೆ ಟರ್ಮಿನೇಶನ್, ಮುಂದೆ ಎಲ್ಲೂ ಕೆಲಸ ಸಿಗದು’ ಎನ್ನುತ್ತಾರೆ. ಹೆದರಿಕೆಯಲ್ಲಿ ಬರೆದುಕೊಟ್ಟ ಆ ನಾಲ್ಕು ಸಾಲು ಏನು ಮಾಡುತ್ತದೆ ಗೊತ್ತೇ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ, ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ ಕೊಡದೆ ತೆಗೆಯಬಾರದು ಎನ್ನುತ್ತದೆ. ತೆಗೆದರೆ ಮೇಲ್ಮನವಿಗೆ ದಾರಿಯಿದೆ. ತಾನೇ ರಾಜೀನಾಮೆ ಕೊಟ್ಟವರಿಗೆ ಈ ಬಾಗಿಲು ಮುಚ್ಚುತ್ತದೆ. ‘ಯೋಚಿಸಿ ನಾಳೆ ಲಿಖಿತವಾಗಿ ಉತ್ತರಿಸುತ್ತೇನೆ’ ಎಂದು ಎದ್ದು ಬನ್ನಿ. ಈ ಒಂದು ಕಡೆ ‘ನಾಳೆ’ ಎನ್ನುವ ಹಕ್ಕು ನಿಮ್ಮದು. ಬರೆದುಕೊಟ್ಟಾಗಿದ್ದರೆ ಅದೇ ಸಂಜೆ ವೈಯಕ್ತಿಕ ಇಮೇಲಿನಿಂದ ‘ಇಂದು ಇಷ್ಟು ಗಂಟೆಗೆ ಒತ್ತಡದಲ್ಲಿ ಬರೆಸಿಕೊಂಡದ್ದು, ಇದನ್ನು ಹಿಂಪಡೆಯುತ್ತೇನೆ’ ಎಂದು ಕಳಿಸಿ. ಮೂರು ತಿಂಗಳ ನಂತರ ಅದೇ ಮಾತು ಹೇಳಿದರೆ ನಂಬುವವರು ಕಡಿಮೆ. ಆಫೀಸಿನ ಇಮೇಲ್ ಬಂದ್ ಆಗುವ ಮುಂಚೆಯೇ ನೇಮಕಾತಿ ಪತ್ರ, ಸಂಬಳ ಚೀಟಿ, ಅಪ್ರೈಸಲ್ ಪತ್ರಗಳನ್ನು ನಿಮ್ಮ ಬಳಿ ಇಟ್ಟುಕೊಂಡಿರಿ. ನಿಮ್ಮವು ಮಾತ್ರ, ಕಂಪನಿಯ ಡೇಟಾ ಮುಟ್ಟಿದರೆ ಅದೇ ಅವರಿಗೆ ಅಸ್ತ್ರ.

ಕೆಲಸಕ್ಕೆ ಸೇರುವಾಗ ಕಂಪನಿ ಬರೆಸಿಕೊಳ್ಳುವ ಬಾಂಡ್ ಬಗ್ಗೆ ಎರಡು ಅತಿರೇಕದ ಮಾತು ಓಡಾಡುತ್ತವೆ: ‘ಬಾಂಡ್ ಎಲ್ಲ ಸುಳ್ಳು, ಹರಿದು ಬಿಸಾಡಿ’ ಮತ್ತು ‘ಬಾಂಡ್ ಬರೆದ ಮೇಲೆ ಜೀತ’. ಎರಡೂ ತಪ್ಪು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಂ ಅಡಿ ನಿಲ್ಲದು. ಆದರೆ ಕನಿಷ್ಠ ಸೇವಾವಧಿಯ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅಲ್ಲಿ ಮೂರು ವರ್ಷ, 2 ಲಕ್ಷ ರೂಪಾಯಿ. ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ, ಅದರೊಳಗೆ ಸಮಂಜಸ ಪರಿಹಾರ ಎಷ್ಟೆಂದು ಕೋರ್ಟ್ ನಿರ್ಧರಿಸುತ್ತದೆ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರಿಗೂ ಒತ್ತೆ ಇಡಬೇಡಿ. ತೋರಿಸಿ, ದೃಢೀಕೃತ ಪ್ರತಿ ಕೊಡಿ, ಮೂಲ ಮನೆಗೆ ತನ್ನಿ.

ಪಿಎಫ್ ಪಾಸ್‌ಬುಕ್ ತಿಂಗಳಿಗೊಮ್ಮೆ ತೆರೆದು ನೋಡಿ. ಸಂಬಳದಿಂದ ಮುರಿದ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಮುರಿದು ಕಟ್ಟದಿರುವುದು ಅಪರಾಧ. ಪಿಎಫ್ ಸಂಸ್ಥೆಯ ಕುಂದುಕೊರತೆ ತಾಣವಾದ ಇಪಿಎಫ್‌ಐಜಿಎಂಎಸ್ ಪೋರ್ಟಲ್ಲಿನಲ್ಲಿ ದೂರು ಕೊಡುವಾಗ ಆ ತಿಂಗಳ ಸಂಬಳ ಚೀಟಿ ಲಗತ್ತಿಸಿ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರಿಗೆ, ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಮೂರು ತಿಂಗಳ ಗಡುವನ್ನು ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ಅಷ್ಟೇ.

ಇನ್ನು ಅಂಗಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿಕೊಂಡರೂ, ದೋಷವಿರುವ ಸರಕಿಗೆ ಆ ಮಾತು ನಡೆಯದು: ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲೇಬೇಕು. ದೋಷವಿಲ್ಲದೆ ಬರೀ ಬಣ್ಣ ಹಿಡಿಸಲಿಲ್ಲ ಎಂದರೆ ಅದು ಅಂಗಡಿಯವರ ಸೌಜನ್ಯಕ್ಕೆ ಬಿಟ್ಟದ್ದು. ಪೊಟ್ಟಣದ ಸರಕನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ; ಆದರೆ ಹೋಟೆಲಿನಲ್ಲಿ ಕೂತು ಕುಡಿದ ನೀರಿನ ಬಾಟಲಿಗೆ ಹೆಚ್ಚು ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ, ಅಲ್ಲಿ ಜಗಳಕ್ಕಿಳಿಯಬೇಡಿ. ಆನ್‌ಲೈನ್ ಖರೀದಿಯಾದರೆ ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ನಿಯಮದಲ್ಲೇ ಇದೆ.

1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದು, ಎಷ್ಟೋ ರೀಫಂಡ್ ಅಲ್ಲೇ ಬರುತ್ತದೆ. ಆದರೆ ಅದು ಕೋರ್ಟಲ್ಲ, ಅಲ್ಲಿ ದೂರು ಇದ್ದ ಮಾತ್ರಕ್ಕೆ ಎರಡು ವರ್ಷದ ಗಡುವು ನಿಲ್ಲದು. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲೇ. ಕೇಳುವ ಪರಿಹಾರ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ಕಂಪನಿ ದೆಹಲಿಯದ್ದಾದರೂ ನೀವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಶಿರಸಿಯವರು ಕಾರವಾರಕ್ಕೆ ಹೋದರೆ ಸಾಕು. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಆನ್‌ಲೈನ್ ಸಲ್ಲಿಕೆಯೂ ಇದೆ, ವಕೀಲರು ಕಡ್ಡಾಯವಲ್ಲ.

ದೂರು ಬಿದ್ದುಹೋಗುವುದು ಎಲ್ಲಿ? ಬಿಲ್ಲಿನ ಹೆಸರಿನಲ್ಲಿ. ಜಿಎಸ್‌ಟಿ ಕ್ರೆಡಿಟ್ ಆಸೆಗೆ ಮನೆಯ ಲ್ಯಾಪ್‌ಟಾಪನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ, ‘ಇದು ವಾಣಿಜ್ಯ ಉದ್ದೇಶದ ಖರೀದಿ, ನೀವು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪಣೆಯೇ ಮೊದಲು ಬರುತ್ತದೆ. ಸ್ವಂತ ಜೀವನೋಪಾಯಕ್ಕೆ ಕೊಂಡ ಹೊಲಿಗೆ ಯಂತ್ರ, ಆಟೋ ಇದಕ್ಕೆ ಹೊರತು; ಆದರೆ ಆ ಮಾತನ್ನು ದೂರಿನಲ್ಲೇ ಬರೆಯಬೇಕು. ಪ್ರತಿವಾದಿಗಳ ಹೆಸರಿನಲ್ಲಿ ಅಂಗಡಿ ಮಾತ್ರ ಹಾಕಿ ತಯಾರಕರನ್ನು ಬಿಟ್ಟರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಇಬ್ಬರನ್ನೂ, ಆನ್‌ಲೈನ್ ಆದರೆ ತಾಣವನ್ನೂ ಸೇರಿಸಿ. ಸರ್ವಿಸ್ ಸೆಂಟರಿನ ಜಾಬ್‌ಶೀಟುಗಳನ್ನು ಕೇಳಿ ಪಡೆಯಿರಿ. ಒಂದೇ ದೋಷಕ್ಕೆ ನಾಲ್ಕು ಬಾರಿ ಹೋದ ಜಾಬ್‌ಶೀಟ್ ಇದ್ದರೆ ನಿಮ್ಮ ವಾದ ಅರ್ಧ ಗೆದ್ದಂತೆ. ಪರಿಹಾರದ ಅಂಕಿಯನ್ನು ಬೇಕಾಬಿಟ್ಟಿ ಹತ್ತು ಲಕ್ಷ ಎಂದು ಬರೆಯಬೇಡಿ. ಸರಕಿನ ಬೆಲೆ, ಬಡ್ಡಿ, ಓಡಾಟದ ಖರ್ಚು, ಮನೋವ್ಯಥೆ ಎಂದು ಬಿಡಿಬಿಡಿಯಾಗಿ ಕೇಳಿ.

ಪ್ರತಿವಾದಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. 46ನೇ ದಿನ ಬಂದ ಉತ್ತರಕ್ಕೆ ನೀವು ಆಕ್ಷೇಪಿಸಿ. ಆದೇಶ ನಿಮ್ಮ ಪರ ಬಂದ ಮೇಲೆ ಮೇಲ್ಮನವಿಗೆ ಅವರಿಗೆ 45 ದಿನ, ಅದೂ ಆದೇಶದ ಮೊತ್ತದ ಅರ್ಧ ಠೇವಣಿ ಇಟ್ಟು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಅಡಿ ಜಾರಿ ಅರ್ಜಿ, 72ನೇ ಕಲಂ ಅಡಿ ದಂಡನೆಗೆ ಅರ್ಜಿ. ಇದರಲ್ಲಿ ಮೂರು ವರ್ಷದವರೆಗೆ ಜೈಲೂ ಇದೆ. ಗೆದ್ದ ಎಷ್ಟೋ ಜನ ಆದೇಶದ ಪ್ರತಿಯನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ, ಹಣ ತಾನಾಗಿ ಬರುತ್ತದೆ ಎಂದು ಕಾಯುತ್ತಾ. ಬರುವುದಿಲ್ಲ. ಜಾರಿ ಅರ್ಜಿ ಹಾಕಿ.

ವಕೀಲರ ಫೀಸಿಗೆ ಹೆದರಿ ಕೈಬಿಡುವವರಿಗೆ ಒಂದು ಮಾತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ. ಬೆಂಗಳೂರಿನಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅಡ್ವಾನ್ಸ್, ಬಾಕಿ ಸಂಬಳದಂತಹ ವಿಷಯಗಳನ್ನು ದಾವೆ ಹೂಡುವ ಮುನ್ನವೇ ಲೋಕ ಅದಾಲತ್ ಮುಂದೆ ಇಡಬಹುದು. ವಿದ್ಯುತ್, ನೀರು, ಸಾರಿಗೆ, ಆಸ್ಪತ್ರೆ, ವಿಮೆಯ ತಕರಾರಿಗೆ ಖಾಯಂ ಜನತಾ ನ್ಯಾಯಾಲಯಗಳಿವೆ. ರಾಜಿ ಆಗದಿದ್ದರೂ ಅವು ತೀರ್ಪು ಕೊಡಬಲ್ಲವು.

ಲೋಕ ಅದಾಲತ್ತಿನ ಆದೇಶ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಅದಕ್ಕೇ ಸಹಿ ಹಾಕುವ ಮುನ್ನ ರಾಜಿ ಪತ್ರವನ್ನು ನಿಧಾನವಾಗಿ ಓದಿ, ಅರ್ಥವಾಗದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಯಾವ ಖಾತೆಗೆ ಎಂದಿರಲಿ, ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಬಡ್ಡಿಯೊಂದಿಗೆ ಎಂಬ ಸಾಲು ಇರಲಿ. ‘ಆದಷ್ಟು ಬೇಗ ಪಾವತಿಸತಕ್ಕದ್ದು’ ಎಂದು ಟೈಪ್ ಆಗಿದ್ದರೆ ಆ ಮಾತು ಹೊಡೆದುಹಾಕಿಸಿ, ಅಲ್ಲಿ ತಾರೀಖು ಬರೆಸಿ, ಪಕ್ಕದಲ್ಲಿ ಇಬ್ಬರ ಸಹಿಯನ್ನೂ ಹಾಕಿಸಿ.